ಹಿತ್ತಲ ಗಿಡದ ಅಳತೆ

'ಹಿತ್ತಲ ಗಿಡ ಮದ್ದಲ್ಲ.' ಇಷ್ಟು ಸಲೀಸಾಗಿ ಬಾಯಿಗೆ ಬರುವ ಗಾದೆ ಕನ್ನಡದಲ್ಲಿ ಕಡಿಮೆ. ಊರಿನ ಭಾಗವತನಿಗೆ ಊರ ಜಾತ್ರೆಯಲ್ಲೇ ಕರೆ ಬರದಿದ್ದಾಗ ಇದನ್ನು ಆಡುತ್ತಾರೆ. ಮಗಳು ಹೇಳಿದಾಗ ಕಿವಿಗೊಡದ ಅಪ್ಪ ಅದೇ ಮಾತನ್ನು ಪೇಟೆಯ ವಕೀಲರು ಹೇಳಿದಾಗ ತಲೆದೂಗಿದರೆ ಆಗಲೂ ಆಡುತ್ತಾರೆ. ಹತ್ತಿರದ್ದಕ್ಕೆ ಬೆಲೆಯಿಲ್ಲ, ದೂರದ್ದಕ್ಕೆ ಮರ್ಯಾದೆ ಎಂದು ಶಾಲೆಯ ಮಕ್ಕಳೂ ಗಾದೆಯ ವಿಸ್ತರಣೆಯಲ್ಲಿ ಬರೆಯುತ್ತಾರೆ. ಆ ಅರ್ಥ ಸುಳ್ಳಲ್ಲ. ಆದರೆ ನಿಜವಾಗಿ ಹಿತ್ತಲಿರುವ ಮನೆಯೊಂದರ ದಿನಚರಿಯೊಳಗೆ ನಿಂತು ಕೇಳಿದರೆ ಈ ಮೂರು ಪದಗಳು ಇನ್ನೊಂದು ಅರ್ಥವನ್ನೂ ಕೊಡುತ್ತವೆ. ಅಲ್ಲಿ ಗಿಡ ಮದ್ದಾಗುವ ಹೊತ್ತೇ ಬರುವುದಿಲ್ಲ. ಅದಕ್ಕೂ ಮೊದಲೇ ಅದು ಊಟವಾಗಿರುತ್ತದೆ.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಶಿವಮೊಗ್ಗದ ಸಾಗರದ ಕಡೆಯ ಸಣ್ಣ ಅಡಿಕೆ ಮನೆಯೊಂದನ್ನು ತೆಗೆದುಕೊಳ್ಳೋಣ. ತೋಟ ಎಕರೆಯೋ ಎರಡೆಕರೆಯೋ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಕಣಿವೆಯಲ್ಲಿ ತೋಟ, ನಡುವೆ ಮನೆ. ಮುಂದೆ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಬಚ್ಚಲು, ಬಚ್ಚಲಿನಾಚೆ ಹಿತ್ತಲು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೊಪ್ಪು ಕಡಿದುಕೊಳ್ಳುವ ಸವಲತ್ತು ಬ್ರಿಟಿಷರ ಕಾಲದಿಂದಲೂ ಇದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು ದನದ ಕಾಲಡಿ ಹಾಸಿಗೆಯಾಗುತ್ತದೆ. ಸಗಣಿ, ಗಂಜಲದಲ್ಲಿ ನೆನೆದು ಗೊಬ್ಬರಗುಂಡಿಗೆ ಬೀಳುತ್ತದೆ. ಕೊಳೆತು ಮಾಗಿದ ಮೇಲೆ ಬುಟ್ಟಿಯಲ್ಲಿ ತೋಟಕ್ಕೆ ಇಳಿಯುತ್ತದೆ. ಸುಲಿದ ಅಡಿಕೆಯ ಸಿಪ್ಪೆ ಬಚ್ಚಲೊಲೆಗೆ, ಒಲೆಯ ಬೂದಿ ಹಿತ್ತಲ ಬದನೆ ಗಿಡದ ಬುಡಕ್ಕೆ, ಮಿಂದ ನೀರು ಬಾಳೆಗೂ ಕೆಸುವಿಗೂ ಹೋಗುತ್ತದೆ. ಹೀಗೆ ಎಲ್ಲವೂ ಒಂದರಿಂದ ಇನ್ನೊಂದಕ್ಕೆ ಹರಿಯುವ ಈ ಮನೆಯಲ್ಲಿ ಹಿತ್ತಲು ಅಡುಗೆಮನೆಯ ಮುಂದುವರಿಕೆ. ಒಗ್ಗರಣೆ ಸಟ್ಟುಗವನ್ನು ಒಲೆಯ ಮೇಲಿಟ್ಟು ಹೋಗಿ ಕರಿಬೇವು ಕಿತ್ತು ತರುವಷ್ಟೇ ದೂರ.

ಅಲ್ಲಿ ಏನಿದೆ ಎಂದು ಹೊಸಬರು ಕೇಳಿದರೆ ಮನೆಯವರು 'ಎಂತದೂ ಇಲ್ಲ, ಸುಮ್ಮನೆ ನಾಲ್ಕು ಸೊಪ್ಪು' ಎನ್ನುತ್ತಾರೆ. ಕಣ್ಣಿಟ್ಟು ನೋಡಿದರೆ ಬಚ್ಚಲ ನೀರು ಹರಿಯುವ ತಂಪಿನಲ್ಲಿ ಒಂದೆಲಗ ನೆಲಕ್ಕೆ ಅಂಟಿ ಹಬ್ಬಿರುತ್ತದೆ. ಕಟ್ಟೆಯ ಬದಿಗೆ ದೊಡ್ಡಪತ್ರೆ, ಅದನ್ನೇ ಈ ಕಡೆ ಸಾಂಬಾರಬಳ್ಳಿ ಎನ್ನುತ್ತಾರೆ. ಚಪ್ಪರದ ಮೇಲೆ ಬಸಳೆ. ಬೇಲಿಯ ಸಾಲಿನಲ್ಲಿ ವಿಟಮಿನ್ ಸೊಪ್ಪೆಂದು ಕರೆಯುವ ಚಕ್ರಮುನಿ. ಮೂಲೆಯಲ್ಲಿ ದಾಳಿಂಬೆ, ಪೇರಲೆ, ಸ್ವಲ್ಪ ಆಚೆ ಮುರುಗಲು. ಇವುಗಳಲ್ಲಿ ಯಾವುದನ್ನೂ ಸಾಲು ಹಿಡಿದು, ಪಾತಿ ಮಾಡಿ ಬೆಳೆಸಿದ್ದಿಲ್ಲ. ತವರಿನಿಂದ ತಂದ ಕಡ್ಡಿ, ನೆಂಟರ ಮನೆಯಿಂದ ತಂದ ಬಳ್ಳಿ, ಹಕ್ಕಿ ಉದುರಿಸಿದ ಬೀಜ ಹೀಗೇ ಕೂಡಿಕೊಂಡು ಬಂದವು.

ಬೆಳಗಿನ ಹಾಲು ಕರೆದು, ಬಚ್ಚಲಿಗೆ ಬೆಂಕಿ ಹಾಕಿ, ತೆಳ್ಳೇವು ದೋಸೆ ಎರೆದು, ಮಕ್ಕಳನ್ನು ಶಾಲೆಗೆ ಕಳಿಸಿ, ತೋಟದಲ್ಲಿದ್ದವರಿಗೆ ಹತ್ತು ಗಂಟೆಯ ಆಸರಿ ಕುಡಿಯಲು ಕೊಟ್ಟ ಮೇಲೆ ಈ ಮನೆಯ ಸೊಸೆ ಹಿತ್ತಲಿಗೆ ಇಳಿಯುತ್ತಾಳೆ. ಬಿಸಿಲು ಜೋರಾಗಿದ್ದರೆ ಒಂದೆಲಗ, ಮಕ್ಕಳಿಗೆ ಶೀತವಾಗಿದ್ದರೆ ಸಾಂಬಾರಬಳ್ಳಿ. ಯಾರಿಗಾದರೂ ಹೊಟ್ಟೆ ಕೆಟ್ಟಿದ್ದರೆ ಕಿತ್ತು ತರುವುದೇನೂ ಇಲ್ಲ, ಒಣಗಿಸಿಟ್ಟ ದಾಳಿಂಬೆ ಸಿಪ್ಪೆ ಡಬ್ಬಿಯಲ್ಲಿರುತ್ತದೆ. ಒಂದೆಲಗವನ್ನು ಬೇರುಸಮೇತ ಕಿತ್ತು, ಮಣ್ಣು ಹೋಗುವವರೆಗೆ ನಾಲ್ಕು ನೀರಿನಲ್ಲಿ ತೊಳೆಯಬೇಕು. ಜೀರಿಗೆ, ನಾಲ್ಕು ಕಾಳು ಮೆಣಸನ್ನು ತುಪ್ಪದಲ್ಲಿ ಹುರಿದು, ಕಾಯಿತುರಿಯ ಜೊತೆ ಸೊಪ್ಪನ್ನೂ ಹಾಕಿ ನುಣ್ಣಗೆ ರುಬ್ಬಬೇಕು. ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಮೇಲೊಂದು ತುಪ್ಪದ ಒಗ್ಗರಣೆ ಕೊಟ್ಟರೆ ತಂಬುಳಿ ಆಯಿತು. ಅನ್ನಕ್ಕೆ ಮೊದಲು ಬೀಳುವುದು ಅದೇ, ಸಾರು ಹುಳಿ ಆಮೇಲೆ.

ಕಲಿಯುವ ಸೊಸೆ ಸೊಪ್ಪು ಹಿಡಿದು 'ಇಷ್ಟು ಸಾಕಾ ಅತ್ತೆ?' ಎಂದು ಕೇಳಿದರೆ ಅತ್ತೆ ತಿರುಗಿ ನೋಡಿ, 'ಸಾಕು ತಂಗಿ, ಜಾಸ್ತಿ ಹಾಕಡ, ಕಹಿ ಆಗ್ತು' ಎನ್ನುತ್ತಾಳೆ. ಗ್ರಾಮು, ಚಮಚೆಯ ಲೆಕ್ಕ ಅಲ್ಲಿಲ್ಲ. ಅಳತೆ ಇರುವುದು ಮುಷ್ಟಿಯಲ್ಲಿ ಮತ್ತು ನಾಲಗೆಯಲ್ಲಿ. ಊಟಕ್ಕೆ ಕೂತವರಿಗೆ ತಾವು ಔಷಧಿ ತಿನ್ನುತ್ತಿದ್ದೇವೆ ಎಂಬ ನೆನಪೂ ಇರುವುದಿಲ್ಲ. ಗಾದೆ ಹೇಳುವುದು ಇಲ್ಲಿ ಅಕ್ಷರಶಃ ನಿಜ, ಮತ್ತು ಅದರಲ್ಲಿ ಹಿತ್ತಲಿಗೆ ಅವಮಾನವೂ ಇಲ್ಲ. ಮದ್ದು ಎಂದರೆ ಕಾಯಿಲೆ ಬಂದ ಮೇಲೆ ನೆನಪಾಗುವುದು, ಗುಣವಾದ ಮೇಲೆ ಮರೆತುಹೋಗುವುದು. ತಂಬುಳಿ ನಾಳೆಯೂ ಬರುತ್ತದೆ.

ಈ ಮುಷ್ಟಿಯ ಅಳತೆ ಎಷ್ಟು ದೊಡ್ಡ ವಿದ್ಯೆ ಎಂಬುದು ಅದು ತಪ್ಪಿಹೋದ ಕಡೆ ಗೊತ್ತಾಗುತ್ತದೆ. ನಮ್ಮ ಬೇಲಿಯ ಚಕ್ರಮುನಿಯನ್ನೇ ನೋಡಿ. ಮಲೆನಾಡಿನಲ್ಲಿ ಇದರ ಹತ್ತಾರು ಎಲೆ ಬಾಡಿಸಿ ತಂಬುಳಿಗೋ ಪಲ್ಯಕ್ಕೋ ಹಾಕುತ್ತಾರೆ. 1994-95ರ ಸುಮಾರಿಗೆ ತೈವಾನಿನಲ್ಲಿ ಇದು ಮೈ ಇಳಿಸುವ ಮದ್ದು ಎಂಬ ಸುದ್ದಿ ಹಬ್ಬಿ, ಜನ ಹಸಿ ಎಲೆಯ ರಸವನ್ನು ದಿನವೂ ಹೇರಳವಾಗಿ ಕುಡಿಯತೊಡಗಿದರು. ನೂರಾರು ಮಂದಿಗೆ ಶ್ವಾಸಕೋಶದ ಸಣ್ಣ ನಾಳಗಳು ಮುಚ್ಚಿಕೊಳ್ಳುವ, ಮತ್ತೆ ಸರಿಯಾಗದ ಕಾಯಿಲೆ ಅಂಟಿತು. ಕೆಲವರು ಉಸಿರಾಟ ಕಟ್ಟಿ ಸತ್ತರು. ಗಿಡ ಅದೇ, ಎಲೆ ಅದೇ. ಬೇಯಿಸುವ ಪದ್ಧತಿ, ಹಿಡಿಯಷ್ಟೇ ಎಂಬ ಮಿತಿ, ನಿನ್ನೆ ಚಕ್ರಮುನಿಯಾದರೆ ಇವತ್ತು ಬಸಳೆ ಎಂಬ ಬದಲಾವಣೆ, ಇಷ್ಟು ಮಾತ್ರ ಅಲ್ಲಿ ಇರಲಿಲ್ಲ. ಹಿತ್ತಲ ಗಿಡವನ್ನು ಮದ್ದು ಮಾಡಬೇಡಿ ಎಂಬ ಎಚ್ಚರಿಕೆಯೂ ಈ ಗಾದೆಯಲ್ಲಿದೆ ಎಂದು ನನಗೆ ಅನ್ನಿಸುವುದು ಇಂಥ ಕಡೆ.

ಉಪ್ಪಾಗೆಯ ಕಥೆಯಲ್ಲಿ ಕಷ್ಟ ಬಿದ್ದದ್ದು ಮರಕ್ಕೆ. ಮಳೆಗಾಲದಲ್ಲಿ ಹಣ್ಣಾಗುವ ಈ ಕಾಡುಹುಳಿಯನ್ನು ಘಟ್ಟದ ಮನೆಗಳು ಆರಿಸಿ ತಂದು, ಸಿಪ್ಪೆಯನ್ನು ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿ, ವರ್ಷದ ಹುಳಿಗೆ ಇಟ್ಟುಕೊಳ್ಳುತ್ತಿದ್ದವು. ಬೀಜವನ್ನು ಜಜ್ಜಿ ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಪ್ಪಾಗೆ ತುಪ್ಪ ಮಾಡುತ್ತಿದ್ದರು. 1990ರ ದಶಕದಲ್ಲಿ ಇದೇ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂದು ಹೊರದೇಶಗಳಲ್ಲಿ ಮಾತ್ರೆಯಾಗಿ ಮಾರಾಟವಾಯಿತು, ಇಲ್ಲಿ ಬೆಲೆ ಏರಿತು. ಹಣ್ಣಾಗುವವರೆಗೆ ಕಾಯುವ ತಾಳ್ಮೆ ಹೋಯಿತು. ಕಾಯಿಗಾಗಿ ಕೊಂಬೆ ಕಡಿದರು, ಒಣಗಿಸಲು ರಾಶಿ ಸೌದೆ ಉರಿಸಿದರು. 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಬಂದ 12 ವಾರಗಳ ಪ್ರಯೋಗದಲ್ಲಿ ಆ ಮಾತ್ರೆ ತಿಂದವರಿಗೂ ಸುಳ್ಳುಮಾತ್ರೆ ತಿಂದವರಿಗೂ ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹುಳಿಯಾಗಿದ್ದಾಗ ಮರವೂ ಉಳಿದಿತ್ತು, ಸಾರೂ ರುಚಿಯಾಗಿತ್ತು. ಮದ್ದೆಂಬ ಹೆಸರು ಬಂದದ್ದೇ ಮರಕ್ಕೆ ಕತ್ತಿ ಬಿತ್ತು.

ಹಿರಿಯರು ಮದ್ದು ಎಂದೇ ಕರೆದ ಗಿಡಗಳೂ ಇವೆ. ಅವುಗಳಿಗೆ ಅವರು ಹಾಕಿದ ಕಟ್ಟುಪಾಡು ನೋಡಿ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಆರಂಭದ ಜಡಿಮಳೆಯಲ್ಲಿ, ಮದ್ದುಸೊಪ್ಪನ್ನು ಬೇಯಿಸಿ ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಕೂಡಿರುತ್ತದೆ ಎಂಬುದು ನಂಬಿಕೆ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ಮುಂಜಾನೆ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ, ಒಂದು ಲೋಟ ಕುಡಿಯುತ್ತಾರೆ. ಕತ್ತಲಲ್ಲಿ ಕಾಸರಕದ ಮರವನ್ನು ಹಾಲೆಯೆಂದು ತಿಳಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಗೊತ್ತಿರುವವರು ಹಿಂದಿನ ದಿನವೇ ಮರ ನೋಡಿ ಗುರುತು ಮಾಡಿಟ್ಟಿರುತ್ತಾರೆ. ಎರಡು ಕಡೆಯೂ ದಿನ ಗೊತ್ತು, ಪ್ರಮಾಣ ಗೊತ್ತು, ಗುರುತಿಸುವವರು ಯಾರೆಂಬುದೂ ಗೊತ್ತು. ದಿನಬಳಕೆಯ ಸೊಪ್ಪು ಅನ್ನದ ಜೊತೆಗೆ, ಕಡು ಗುಣದ ಗಿಡ ವರ್ಷಕ್ಕೊಮ್ಮೆ.

ದೂರದ ಮದ್ದು ಬೇಡವೆಂದು ಇದರ ಅರ್ಥವಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಬೆಟ್ಟಕ್ಕೆ ಸೊಪ್ಪು ತರಲು ಹೋಗುವವರನ್ನು ಕಾಡುತ್ತದೆ. ಅದಕ್ಕೆ ಯಾವ ಕಷಾಯವೂ ನಾಟುವುದಿಲ್ಲ. ಬೆಟ್ಟಕ್ಕೆ ಹೋಗಿ ಬಂದವರಿಗೆ ಜ್ವರ ಬಂದರೆ ಆಸ್ಪತ್ರೆಗೇ ಹೋಗಬೇಕು. ಹಾವು ಕಚ್ಚಿದರೆ ಪ್ರತಿವಿಷದ ಚುಚ್ಚುಮದ್ದು ಬಿಟ್ಟು ಬೇರೆ ದಾರಿಯಿಲ್ಲ, ನಾಟಿ ಮದ್ದು ಹುಡುಕುತ್ತ ಕಳೆದ ಒಂದೊಂದು ಗಂಟೆಯೂ ಜೀವದ ಲೆಕ್ಕದ್ದು. ತೋಟದ ಕೊಳೆರೋಗಕ್ಕೆ ಇಂದು ಎಲ್ಲರೂ ಹೊಡೆಯುವ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆಯನ್ನು ಅಭ್ಯಾಸ ಮಾಡಿ ಇದನ್ನು ಮಲೆನಾಡಿಗೆ ಪರಿಚಯಿಸಿದರು. ಮಲೆನಾಡಿನ ರೈತ ಅದನ್ನು ಒಲ್ಲೆನ್ನಲಿಲ್ಲ. ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಮಳೆ ಬಿಡುವು ಕೊಟ್ಟ ಯಾವ ದಿನ ಹೊಡೆಯಬೇಕು ಎಂದು ಕಲಿತು ತನ್ನದಾಗಿಸಿಕೊಂಡ. ಹೊರಗಿನಿಂದ ಬಂದ ಮದ್ದೂ ಅಳತೆ ಕಲಿತವರ ಕೈಯಲ್ಲೇ ಕೆಲಸ ಮಾಡುತ್ತದೆ.

ಇಲ್ಲಿಗೆ ಬಂದಾಗ ಗಾದೆಯ ನೋವು ಎಲ್ಲಿದೆ ಎಂಬುದು ತಿಳಿಯುತ್ತದೆ. ಗಿಡಕ್ಕೆ ಮದ್ದಿನ ಪಟ್ಟ ಸಿಗದಿದ್ದರೆ ನಷ್ಟವಿಲ್ಲ. ಆ ಅಳತೆಯನ್ನು ಹೊತ್ತ ಕೈಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ನಷ್ಟ. ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಜನರ ಕೆಲಸಕ್ಕೆ ಸಂಕೇತಸಂಖ್ಯೆಗಳಿವೆ. ಮನೆವಾರ್ತೆಯ ಜೊತೆಗೆ ಸೊಪ್ಪು ತರಕಾರಿ, ಗೆಡ್ಡೆಗೆಣಸು, ಸೌದೆ, ದನದ ಮೇವು ತರುವವರ, ಮನೆಬಳಕೆಗೆ ಹೊಲಿಯುವ ನೇಯುವವರ ಸಂಖ್ಯೆ 93. ಆ ಸಂಖ್ಯೆ ಬಿದ್ದವರು ದುಡಿಯುವ ವರ್ಗದ ಲೆಕ್ಕದಿಂದ ಹೊರಗೆ. ಬೆಳಗಿನ ಐದಕ್ಕೆ ಎದ್ದು, ಸುಗ್ಗಿಯಲ್ಲಿ ರಾತ್ರಿಯೂ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸು ಕೂಡ, ಸಮೀಕ್ಷೆಯವರು ಬಂದಾಗ 'ನಾನು ಮನೆಯಲ್ಲೇ ಇರೋದು' ಎಂದರೆ ಅದೇ ಪಟ್ಟಿಗೆ ಸೇರಿಬಿಡಬಹುದು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. ತೋಟದ ಲೆಕ್ಕದ ಪುಸ್ತಕದಲ್ಲಿ ಕೊನೆ ಕೊಯ್ದ ಕೂಲಿ ಇರುತ್ತದೆ, ಔಷಧಿ ಹೊಡೆದ ಕೂಲಿ ಇರುತ್ತದೆ. ತಂಬುಳಿಗೆ, ಗಂಜಿಗೆ, ಬಾಣಂತಿಯ ಪಥ್ಯಕ್ಕೆ ಒಂದು ಸಾಲೂ ಇರುವುದಿಲ್ಲ. ಹಿತ್ತಲ ಗಿಡಕ್ಕಿಂತ ಮೊದಲೇ ಈ ಗಾದೆ ಹಿತ್ತಲ ಹೆಂಗಸಿಗೆ ಅನ್ವಯಿಸುತ್ತದೆ.

ಲೆಕ್ಕಕ್ಕೆ ಬಾರದ್ದು ಕಳೆದುಹೋದರೂ ಗೊತ್ತಾಗುವುದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ಇಬ್ಬರು ಮುದುಕರಷ್ಟೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಅದಕ್ಕೂ ಆಚೆ. ತೋಟವನ್ನು ಯಾರಿಗೋ ವಹಿಸಬಹುದು, ಅಡಿಕೆ ಸುಲಿಯಲು ಯಂತ್ರ ಬಂದಿದೆ, ಕೊಟ್ಟಿಗೆ ಖಾಲಿಯಾದರೆ ಪ್ಯಾಕೆಟ್ ಹಾಲು ಸಿಗುತ್ತದೆ. ಹಿತ್ತಲಿಗೆ ಮಾತ್ರ ಬದಲಿ ಆಳಿಲ್ಲ. ಅತ್ತೆಯ ಮಂಡಿನೋವು ಹೆಚ್ಚಾಗಿ ಅವಳು ಮೆಟ್ಟಿಲು ಇಳಿಯುವುದನ್ನು ನಿಲ್ಲಿಸಿದ ಮಳೆಗಾಲದಲ್ಲೇ ಒಂದೆಲಗದ ಮೇಲೆ ಕಳೆ ಹಬ್ಬುತ್ತದೆ. ಎರಡು ವರ್ಷ ಕಳೆದರೆ ಯಾವುದು ಸೊಪ್ಪು, ಯಾವುದು ಕಳೆ ಎಂದು ಹೇಳುವವರಿಲ್ಲ. ಆ ಹೊತ್ತಿಗೆ ಪೇಟೆಯಲ್ಲಿ ಒಂದೆಲಗದ ಮಾತ್ರೆ, ಅದೇ ಎಲೆಯ ಸಾರವಿರುವ ಕೊರಿಯಾದ ಮುಖದ ಕ್ರೀಮು ಸಿಗುತ್ತವೆ. ಒಂದು ಕಡೆ ಕಳೆ, ಇನ್ನೊಂದು ಕಡೆ ಸರಕು. ನಡುವೆ ಇದ್ದ ಊಟ ಮಾತ್ರ ಎಲೆಯಿಂದ ಎದ್ದುಹೋಗಿರುತ್ತದೆ.

ಹಿತ್ತಲನ್ನು ಉಳಿಸಲು ಅದಕ್ಕೆ ಔಷಧವನ ಎಂಬ ಫಲಕ ಹಾಕಬೇಕಾಗಿಲ್ಲ. ರಜೆಗೆ ಬಂದ ಮಗ ಅಮ್ಮನ ಫೋಟೊ ತೆಗೆಯುವ ಬದಲು ಅವಳ ಜೊತೆ ಹಿತ್ತಲಿಗೆ ಇಳಿಯಲಿ. ಸೊಪ್ಪಿನ ಹೆಸರು, ಕೀಳುವ ಕಾಲ, ಹಿಡಿಯ ಅಳತೆ, ಯಾರಿಗೆ ಕೊಡಬಾರದು ಎಂಬುದನ್ನು ಕೈಯಾರೆ ಮಾಡಿ ಕಲಿಯಲಿ. ಕೀಳುವುದು, ತೊಳೆಯುವುದು, ರುಬ್ಬುವುದು ಹೆಣ್ಣುಮಕ್ಕಳಿಗೇ ಬರಬೇಕೆಂಬ ನಿಯಮ ಗಿಡಗಳು ಮಾಡಿದ್ದಲ್ಲ. ಮುಂದಿನ ಸಲ ಸಮೀಕ್ಷೆಯವರು ಬಂದು 'ಇವರೇನು ಕೆಲಸ ಮಾಡುತ್ತಾರೆ?' ಎಂದು ಕೇಳಿದಾಗ, ಮನೆಯ ಯಜಮಾನ 'ಮನೆಯಲ್ಲೇ ಇರುತ್ತಾಳೆ' ಎನ್ನದೆ, ಕೊಟ್ಟಿಗೆ, ಹಿತ್ತಲು, ಅಡಿಕೆ ಸುಲಿತ ಎಂದು ಒಂದೊಂದಾಗಿ ಬರೆಸಲಿ. ಗಿಡ ಮದ್ದಾಗದಿದ್ದರೆ ಬೇಡ. ಅದನ್ನು ಊಟವಾಗಿಸಿದ ಕೈ ದುಡಿಮೆಯೆಂದು ಎಣಿಕೆಗೆ ಬರಲೇಬೇಕು, ಆ ಕೈಯಲ್ಲಿರುವ ಅಳತೆ ಇನ್ನೊಂದು ಕೈಗೆ ದಾಟಲೇಬೇಕು.