ಹಿಡಿದ ಕೈಯ ಲೆಕ್ಕ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.’ ಹಟಮಾರಿಗಳನ್ನು ಚುಚ್ಚಲು ನಾವು ಬಳಸುವ ಗಾದೆ ಇದು. ತೆಲುಗರಲ್ಲೂ ತಮಿಳರಲ್ಲೂ ಇದೇ ಮಾತಿದೆ. ಊರ ಕಟ್ಟೆಯಿಂದ ಟೀವಿ ಚರ್ಚೆಯವರೆಗೆ, ಕಣ್ಣೆದುರಿನ ನಾಲ್ಕನೆಯ ಕಾಲನ್ನು ಒಪ್ಪದವರಿಗೆಲ್ಲ ಸಲ್ಲುತ್ತದೆ. ಆದರೆ ಗಾದೆ ಕಟ್ಟಿದವರ ಜಾಣತನ ಇನ್ನೊಂದು ಕಡೆ ಇದೆ. ಹೊಲದಲ್ಲಿ ಓಡುವ ಮೊಲದ ಕಾಲಿನ ಬಗ್ಗೆ ಯಾರೂ ಜಗಳಕ್ಕಿಳಿಯುವುದಿಲ್ಲ. ತಕರಾರು ಶುರುವಾಗುವುದು ಮೊಲ ಕೈಗೆ ಬಂದ ಮೇಲೆ. ಮೊದಲು ಹಿಡಿಯುತ್ತೇವೆ, ಆಮೇಲೆ ಎಣಿಸುತ್ತೇವೆ. ಅಷ್ಟರಲ್ಲಿ ಮೊಲ ನಮ್ಮದಾಗಿರುತ್ತದೆ, ಲೆಕ್ಕವೂ ನಮ್ಮದೇ.

ಇಂಥ ಹಟಕ್ಕೆ ಅಹಂಕಾರವೇ ಮೂಲ ಎಂದು ವಾಡಿಕೆಯ ವಿವರಣೆ. ಕರುಣೆಯಿಂದಲೂ ಅದು ಹುಟ್ಟಬಲ್ಲದು. ಗಾದೆಯ ಮೊಲವನ್ನು ಬಿಟ್ಟು ನಿಜವಾದ ಮೊಲದ ಮರಿಗಳ ಕಡೆ ನೋಡಿದರೆ ಇದು ಗೊತ್ತಾಗುತ್ತದೆ.

ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಊರುಗಳಲ್ಲಿ, ಕನ್ನಡಿಗರು ಮನೆ ಮಾಡಿಕೊಂಡಿರುವ ನ್ಯೂಜೆರ್ಸಿ, ಇಲಿನಾಯ್ ಬಡಾವಣೆಗಳಲ್ಲೂ, ಹಿತ್ತಲಿಗೆ ಬರುವುದು ಕಾಟನ್‌ಟೇಲ್ ಮೊಲ. ಅದು ಮರಿಗಳಿಗಾಗಿ ಬಿಲ ತೋಡುವುದಿಲ್ಲ. ಹುಲ್ಲುಹಾಸಿನ ನಡುವೆಯೇ ಒಂದು ಸಣ್ಣ ತಗ್ಗು ಕೆದಕಿ, ಒಣಹುಲ್ಲಿನ ಜೊತೆಗೆ ತನ್ನ ಮೈಯ ಕೂದಲನ್ನೇ ಕಿತ್ತು ಹಾಸಿ, ಮರಿ ಹಾಕಿ, ಮೇಲೆ ಹುಲ್ಲು ಮುಚ್ಚಿ ಹೋಗುತ್ತದೆ. ವಸಂತದ ಮೊದಲ ಹುಲ್ಲು ಕೊಯ್ಯುವ ಯಂತ್ರ ಆ ಮುಚ್ಚಿಗೆಯನ್ನು ಎಗರಿಸುತ್ತದೆ, ಇಲ್ಲವೇ ನಾಯಿ ಮೂಗು ತೂರಿಸುತ್ತದೆ. ಒಳಗೆ ಕಣ್ಣು ಬಿಡದ ನಾಲ್ಕೈದು ಮರಿ. ಮನೆಯವರು ಕಿಟಕಿಯಲ್ಲಿ ನಿಂತು ಸಂಜೆಯವರೆಗೆ ಕಾಯುತ್ತಾರೆ. ತಾಯಿಯ ಸುಳಿವಿಲ್ಲ. ಅನಾಥ ಮರಿಗಳು ಎಂದು ತೀರ್ಪಾಗುತ್ತದೆ. ಶೂ ಡಬ್ಬ ಬರುತ್ತದೆ, ಹಳೇ ಟವೆಲ್ ಬರುತ್ತದೆ, ಬೆಚ್ಚಗಿನ ಹಸುವಿನ ಹಾಲೂ ಬರುತ್ತದೆ.

ಎಣಿಕೆ ತಪ್ಪುವುದು ಇಲ್ಲೇ. ಆ ತಾಯಿ ಮರಿಗಳ ಬಳಿ ಕೂರದಿರುವುದು ಅಸಡ್ಡೆಯಿಂದಲ್ಲ. ಅದು ಪಕ್ಕದಲ್ಲೇ ಇದ್ದರೆ ನರಿ, ಬೆಕ್ಕುಗಳಿಗೆ ಗೂಡಿನ ಜಾಗ ತೋರಿಸಿಕೊಟ್ಟಂತೆ. ಅದಕ್ಕೇ ದೂರವಿದ್ದು, ಸಾಮಾನ್ಯವಾಗಿ ಮುಂಜಾವಿಗೆ, ಮುಸ್ಸಂಜೆಗೆ ಬಂದು ಕೆಲವೇ ನಿಮಿಷ ಹಾಲೂಡಿಸಿ ಮರೆಯಾಗುತ್ತದೆ. ಹಾಲು ಬಲು ಗಟ್ಟಿ, ಕೊಬ್ಬಿನಂಶ ಹೆಚ್ಚು. ಅಷ್ಟು ಕುಡಿದರೆ ಮರಿಗೆ ಮುಂದಿನ ಹೊತ್ತಿನವರೆಗೂ ಸಾಕು. ನಮ್ಮ ಬಯಲುಸೀಮೆಯ ಕಾಡುಮೊಲದ ಮರಿಯಂತೂ ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟೇ ಹುಟ್ಟಿ, ಪೊದೆಯಡಿ ಮಿಸುಕದೆ ಒಂಟಿಯಾಗಿ ಕೂರುತ್ತದೆ. ಹಗಲಿನಲ್ಲಿ ನೋಡಿದವರಿಗೆ ಅದೂ ದಿಕ್ಕಿಲ್ಲದ್ದೇ. ಎರಡು ಕಡೆಯೂ, ತಾಯಿ ಕಾಣದಿರುವುದೇ ತಾಯಿಯ ಕಾವಲು.

ಮರಿ ಮನೆಯೊಳಗೆ ಬಂದ ಮೇಲೆ ಗಾದೆಯ ಆಟ ಪೂರ್ತಿ ನಡೆಯುತ್ತದೆ. ಅಂಗೈಯಲ್ಲಿ ಅಲುಗಾಡದೆ ಕೂತರೆ ‘ಎಷ್ಟು ಬೇಗ ಹೊಂದಿಕೊಂಡಿತು’ ಅನ್ನುತ್ತೇವೆ. ಅದು ಹೆದರಿ ಸೆಟೆದಿರುತ್ತದೆ. ಹಸುವಿನ ಹಾಲಿಗೆ ಬಾಯಿ ಆಡಿಸಿದರೆ ‘ಪಾಪ, ಎಷ್ಟು ಹಸಿದಿತ್ತು’ ಅನ್ನುತ್ತೇವೆ. ಆ ಹಾಲು ಅದರ ಕರುಳಿಗೆ ಒಗ್ಗದೆ ಹೊಟ್ಟೆ ಉಬ್ಬುತ್ತದೆ, ಭೇದಿ ಹಿಡಿಯುತ್ತದೆ. ಡ್ರಾಪರ್‌ನಿಂದ ಹನಿಸಿದ್ದು ಶ್ವಾಸಕೋಶಕ್ಕೆ ಇಳಿದರೂ ಅಪಾಯವೇ. ಕೊನೆಗೆ ಸತ್ತರೆ, ‘ತಾಯಿ ಇಲ್ಲದ ಮರಿ, ಉಳಿಯುವುದು ಕಷ್ಟವೇ ಇತ್ತು’ ಎಂದು ಸಮಾಧಾನ. ಬದುಕಿದರೆ ನಾವು ಉಳಿಸಿದ್ದು, ಸತ್ತರೆ ತಾಯಿ ಬಿಟ್ಟುಹೋದದ್ದು. ಯಾವ ಕಡೆಯಿಂದಲೂ ಸುಳ್ಳಾಗದ ಲೆಕ್ಕ ಇದು. ಮೂರೇ ಕಾಲು ಅನ್ನುವವನ ಬಲವೂ ಇದೇ.

ಹಾಗಾದರೆ ನಾಲ್ಕನೆಯ ಕಾಲು ಎಣಿಸುವುದು ಹೇಗೆ? ವನ್ಯಜೀವಿ ಆರೈಕೆ ಮಾಡುವವರು ಹೇಳುವ ಉಪಾಯ ತೀರ ಸರಳ. ಗೂಡನ್ನು ಮೊದಲಿನಂತೆ ಮುಚ್ಚಿ, ಮೇಲೆ ನಾಲ್ಕು ನೂಲಿನೆಳೆಯನ್ನೋ ತೆಳ್ಳನೆ ಕಡ್ಡಿಯನ್ನೋ ಅಡ್ಡಡ್ಡ ಇಟ್ಟು, ನಾಯಿ ಬೆಕ್ಕುಗಳನ್ನು ಒಳಗೆ ಕಟ್ಟಿಹಾಕಿ, ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ಎಳೆ ಕದಲಿ, ಮರಿಗಳ ಹೊಟ್ಟೆ ಗುಂಡಗಿದ್ದರೆ ತಾಯಿ ಬಂದು ಹೋಗಿದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಬರೀ ನಂಬಿಕೆ. ಡಬ್ಬಕ್ಕೆ ಹಾಕಿದ ಮರಿಯನ್ನೂ ಅದೇ ದಿನ ತಿರುಗಿ ಗೂಡಿಗೆ ಇಡಬಹುದು. ಇನ್ನು, ಕಿವಿ ನೆಟ್ಟಗಿರುವ, ಕಣ್ಣು ಬಿಟ್ಟ, ಟೆನಿಸ್ ಚೆಂಡಿನ ಗಾತ್ರದ ಕಾಟನ್‌ಟೇಲ್ ಮರಿ ಒಂಟಿಯಾಗಿ ಕಂಡರೆ ಅದಕ್ಕೆ ತಾಯಿಯೂ ಬೇಕಿಲ್ಲ, ನಾವೂ ಬೇಕಿಲ್ಲ. ಆ ಜಾತಿ ಹುಟ್ಟಿದ ಮೂರು ವಾರದ ಆಸುಪಾಸಿನಲ್ಲೇ ತನ್ನ ದಾರಿ ಹಿಡಿಯುತ್ತದೆ.

ಗಾದೆಯನ್ನೇ ಹಟಕ್ಕೆ ಬಳಸಬಾರದು. ಒಮ್ಮೊಮ್ಮೆ ಮೊಲಕ್ಕೆ ನಿಜವಾಗಿಯೂ ಮೂರೇ ಕಾಲಿರುತ್ತದೆ. ತಾಯಿ ರಸ್ತೆಯಲ್ಲಿ ಸತ್ತುಬಿದ್ದಿರಬಹುದು. ಎಳೆ ಅಲುಗದೆ, ಮರಿಗಳ ಮೈ ತಣ್ಣಗಾಗಿ ಚರ್ಮ ಸುಕ್ಕಾಗಿರಬಹುದು. ಬೆಕ್ಕು ಕಚ್ಚಿದ ಮರಿಯಂತೂ, ಗಾಯ ಸಾಸಿವೆಯಷ್ಟಿದ್ದರೂ, ಚಿಕಿತ್ಸೆ ಇಲ್ಲದೆ ಉಳಿಯುವುದು ಅಪರೂಪ. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ನಂಜೇರಿಸುತ್ತದೆ. ಆಗ ಕೈಹಾಕಲೇಬೇಕು. ಬೆಚ್ಚಗಿನ, ಕತ್ತಲಾದ ಡಬ್ಬದಲ್ಲಿ ಇಟ್ಟು, ಏನನ್ನೂ ಕುಡಿಸದೆ ಬಲ್ಲವರ ಬಳಿ ಒಯ್ಯಬೇಕು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಈ ಕೆಲಸಕ್ಕೆ ಪರವಾನಗಿ ಪಡೆದವರಿದ್ದಾರೆ. ನಮ್ಮಲ್ಲಿ ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಮನೆಯಲ್ಲಿ ಸಾಕಿಕೊಳ್ಳುವಂತಿಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು.

ಗಾದೆ ಕರುಣೆಯನ್ನು ಬೇಡ ಅನ್ನುವುದಿಲ್ಲ. ಹಿಡಿಯುವ ಮುಂಚೆ ಎಣಿಸು ಅನ್ನುತ್ತದೆ. ಹಾಗೆ ಎಣಿಸಲು ಒಂದು ರಾತ್ರಿ ಕೈಕಟ್ಟಿ ಕೂರಬೇಕು. ಮಕ್ಕಳ ಎದುರು, ಅಕ್ಕಪಕ್ಕದವರ ಎದುರು ಕಲ್ಲುಮನಸ್ಸಿನವರಾಗಿ ಕಾಣಬೇಕು. ಮರಿ ಬದುಕಿದಾಗಲೂ ನಮಗೆ ಉಳಿಸಿದ ಪುಣ್ಯದಲ್ಲಿ ಪಾಲಿಲ್ಲ. ಮರಿ ಬದುಕಬೇಕೋ, ನಾವು ಬದುಕಿಸಬೇಕೋ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡವರಿಗೆ ಆ ರಾತ್ರಿ ಕಾಯುವುದು ಕಷ್ಟವಾಗದು.