ಬಾವಿಯ ದೆವ್ವ ಮತ್ತು ಈಜುಕೊಳದ ಬೋರ್ಡು

ಬೆಂಗಳೂರಿನ ಸಾರ್ವಜನಿಕ ಈಜುಕೊಳಗಳ ಗೇಟಿನ ಹತ್ತಿರ ಸಾಮಾನ್ಯವಾಗಿ ಒಂದು ಬೋರ್ಡು ಇರುತ್ತದೆ. ಇಳಿಯುವ ಮೊದಲು ಸ್ನಾನ ಮಾಡಿ. ದಡದಲ್ಲಿ ಓಡಬೇಡಿ. ಆಳ ಕಡಿಮೆ ಇರುವ ಕಡೆ ತಲೆ ಕೆಳಗಾಗಿ ಹಾರಬೇಡಿ. ನೀರಿನೊಳಗೆ ಉಸಿರು ಹಿಡಿಯುವ ಪಂದ್ಯ ಬೇಡ. ಹೊಟ್ಟೆ ಕೆಟ್ಟವರು ಬರಬೇಡಿ. ಎಲ್ಲಾ ಸಾಲೂ 'ಬೇಡ'ದಲ್ಲೋ 'ಕಡ್ಡಾಯ'ದಲ್ಲೋ ಮುಗೀತಾವೆ. 'ಯಾಕೆ' ಅನ್ನೋದಕ್ಕೆ ಮಾತ್ರ ಬೋರ್ಡಿನಲ್ಲಿ ಜಾಗ ಇರೋದಿಲ್ಲ.

ಇದರಲ್ಲೇನು ದೊಡ್ಡ ವಿಚಾರ ಅಂತ ನಿಮಗನಿಸಬಹುದು. ನನಗೆ ಮಾತ್ರ ಇದು ಬಹಳ ದಿನದಿಂದ ಕೊರೀತಾ ಇದೆ. ಒಬ್ಬರ ಒಳ್ಳೆಯದಕ್ಕೇ ಇರುವ ನಿಯಮವನ್ನು ಕಾರಣ ಹೇಳದೆ ಹೇರಬಹುದೇ? ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸುಳ್ಳು ಕಾರಣ ಹೇಳಿ ಒಂದು ಜೀವ ಉಳಿಸಿದರೆ ಅದು ತಪ್ಪೋ ಸರಿಯೋ?

ನಾನು ಇಂಡಿ ತಾಲೂಕಿನ ಹಳ್ಳಿಯವ. ನಮ್ಮಲ್ಲಿ ಈಜೋದಕ್ಕೆ 'ಈಸೋದು' ಅಂತಾರೆ. ಬೆನ್ನಿಗೆ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ತೋಟದ ಬಾವಿಗೆ ದೂಡಿಬಿಡೋದೇ ನಮ್ಮ ಕೋಚಿಂಗ್ ಕ್ಲಾಸು. ಆ ಬಾವಿಗೂ ನಿಯಮಗಳಿದ್ದವು. ಅಮವಾಸಿ ದಿನ ಇಳಿಯಬಾರದು. ಮಟಮಟ ಮಧ್ಯಾಹ್ನ ಒಬ್ಬನೇ ಹೋಗಬಾರದು. ಹೊತ್ತು ಮುಳುಗಿದ ಮ್ಯಾಲೆ ಅತ್ತ ಕಡೆ ಸುಳಿಯಲೂಬಾರದು. ಯಾಕೆ ಅಂತ ಕೇಳಿದರೆ ನಮ್ಮಾಯಿ ಹತ್ತಿರ ಒಂದೇ ಉತ್ತರ: "ಬಾಂವ್ಯಾಗ ದೆವ್ವ ಐತಿ ತಮ್ಮಾ, ಕಾಲ ಹಿಡದ ಜಗ್ಗತೈತಿ."

ಅಮವಾಸಿದು ಒಂದು ಬಿಟ್ಟರೆ ಉಳಿದ ನಿಯಮಗಳು ಅಪ್ಪಟ ಚಿನ್ನ. ಮುಳುಗುವವರು ಕೈ ಬೀಸಿ "ಕಾಪಾಡ್ರೋ" ಅಂತ ಒದರತಾರೆ ಅಂತ ಸಿನಿಮಾ ನೋಡಿ ನಾವು ನಂಬಿಬಿಟ್ಟೀವಿ. ಫ್ರಾನ್ಸೆಸ್ಕೊ ಪಿಯಾ ಅನ್ನೋ ಅಮೆರಿಕದ ಜೀವರಕ್ಷಕ ಮುಳುಗುವವರನ್ನು ಗಮನಿಸಿ ಹೇಳಿದ್ದು ಬೇರೆಯೇ. ಬಾಯಿ ನೀರಿನ ಮ್ಯಾಲೆ ಬರೋ ಕ್ಷಣ ಉಸಿರಿಗೇ ಸಾಲೋದಿಲ್ಲ, ಇನ್ನು ಕೂಗೋದು ಎಲ್ಲಿಂದ. ಕೈಗಳು ತಾವಾಗೇ ಬದಿಗೆ ಚಾಚಿ ನೀರನ್ನು ಕೆಳಗೆ ಒತ್ತುತ್ತವೆ, ಬೀಸಲಿಕ್ಕೆ ಆಗೋದಿಲ್ಲ. 20ರಿಂದ 60 ಸೆಕೆಂಡಿನೊಳಗೆ ಎಲ್ಲಾ ಮುಗೀತದೆ, ಸದ್ದಿಲ್ಲದೆ. ಅಂದಮೇಲೆ ಯಾರೋ ಕೇಳಿಸಿಕೊಂಡು ಓಡಿ ಬರತಾರೆ ಅನ್ನೋ ಲೆಕ್ಕ ನಡೆಯೋದಿಲ್ಲ. ದಡದಲ್ಲಿ ಒಬ್ಬರು ಕಣ್ಣು ಬಿಟ್ಟು ನೋಡತಾ ಇರಬೇಕು. 'ಲೈಫ್‌ಗಾರ್ಡ್ ಇಲ್ಲದಾಗ ಇಳಿಯಬೇಡಿ' ಅನ್ನೋದೂ 'ಮಧ್ಯಾಹ್ನ ಒಬ್ಬನೇ ಹೋಗಬ್ಯಾಡ' ಅನ್ನೋದೂ ಒಂದೇ ನಿಯಮ.

ಊರಿನ ಒಳ್ಳೆಯದಕ್ಕೆ ಆಳುವವರು ಸುಳ್ಳು ಹೇಳಬಹುದು ಅಂತ ಪ್ಲೇಟೋ 'ರಿಪಬ್ಲಿಕ್'ನಲ್ಲಿ ವಾದ ಮಾಡತಾನೆ. ನಮ್ಮಾಯಿ ಅದನ್ನೇನೂ ಓದಿದವಳಲ್ಲ, ಆದರೆ ಅವಳ ದೆವ್ವ ಅದೇ ಜಾತಿಯದು. ಆರು ವರ್ಷದ ಹುಡುಗನಿಗೆ ಇಷ್ಟೆಲ್ಲಾ ಬಿಡಿಸಿ ಹೇಳೋದು ಹೆಂಗ? ಅಷ್ಟರ ಮಟ್ಟಿಗೆ ನಾನು ಆಯಿ ಕಡೆನೇ.

ತೊಡಕು ಬರೋದು ಆ ಹುಡುಗ ಎಂಟನೇತ್ತಕ್ಕೆ ಬಂದಾಗ. ದೆವ್ವ ಗಿವ್ವ ಎಲ್ಲಾ ಸುಳ್ಳು ಅಂತ ವಿಜ್ಞಾನದ ಮಾಸ್ತರು ಹೇಳತಾರೆ. ಖರೇನೇ ಹೇಳತಾರೆ. ಆದರೆ ದೆವ್ವದ ಕಾಲಿಗೆ ಕಟ್ಟಿದ ನಿಯಮವೂ ದೆವ್ವದ ಜೋಡಿನೇ ಹೋಗಿಬಿಡತದೆ. ಖಾಲಿಯಾದ ಆ ಜಾಗಕ್ಕೆ ಖರೇ ಕಾರಣವನ್ನು ಯಾರೂ ತಂದಿಡೋದಿಲ್ಲ.

ಇನ್ನೊಂದು, ದೆವ್ವಗಳು ಊರು ಬದಲಿಸೋದಿಲ್ಲ. ನಮ್ಮ ನಾಲ್ಕು ತಾಲೂಕುಗಳ ನೀರು ಮಾತ್ರ ಬದಲಾಯಿತು. ಆಲಮಟ್ಟಿಯಲ್ಲಿ 519.6 ಮೀಟರ್ ಎತ್ತರಕ್ಕೆ 123 ಟಿಎಂಸಿ ನೀರು ನಿಂತಿತು. ಅದರ ಕೆಳಗೆ ನಾರಾಯಣಪುರದ ಬಸವಸಾಗರ. ಅಲ್ಲಿಂದ ಎಡದಂಡೆ ಕಾಲುವೆ, ಅದರಿಂದ ಸಿಂದಗಿ, ಇಂಡಿ ಕಡೆ ಇಂಡಿ ಶಾಖಾ ಕಾಲುವೆ. ಬಸವನ ಬಾಗೇವಾಡಿ ಕಡೆ ಮುಳವಾಡ ಏತ ನೀರಾವರಿ. ನೀರೇ ಇಲ್ಲದ ಸೀಮೆಗೆ ನೀರು ಬಂತು, ದ್ರಾಕ್ಷಿ ಬಂತು, ಕಬ್ಬು ಬಂತು. ಈ ಕಾಲುವೆಗೆ ಮಾತ್ರ ಯಾವ ದೆವ್ವವೂ ವಸ್ತಿಗೆ ಬರಲಿಲ್ಲ. ಬಾವಿಗೆ ಪಾವಟಿಗೆ ಇರತಾವೆ, ಹಿಡಿಯಲಿಕ್ಕೆ ಕಲ್ಲಿನ ಸಂದು ಇರತದೆ. ಕಾಲುವೆಯ ಇಳಿಜಾರು ಕಾಂಕ್ರೀಟು, ಅದರ ಮ್ಯಾಲೆ ಪಾಚಿ. ನೀರು ಶಾಂತ ಕಾಣಿಸಿದರೂ ಒಳಗೆ ಸೆಳೆತ. ಈಸು ಬಂದರೆ ತೇಲಬಹುದು, ಹತ್ತಿ ಹೊರಗೆ ಬರೋದು ಬೇರೆ ವಿದ್ಯೆ.

ಕೃಷಿ ಹೊಂಡ ಇನ್ನೂ ಮೋಸದ್ದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಹೊಲಹೊಲದಲ್ಲಿ ಹೊಂಡ. ನೀರು ಇಂಗಬಾರದು ಅಂತ ತಳಕ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ. ತೊಯ್ದ ಪ್ಲಾಸ್ಟಿಕ್ಕಿನ ಇಳಿಜಾರನ್ನು ಹತ್ತಲು ಪೈಲ್ವಾನನಿಂದಲೂ ಆಗೋದಿಲ್ಲ. ಒಬ್ಬ ಹುಡುಗ ಜಾರಿದ, ಎತ್ತಲಿಕ್ಕೆ ಹೋದವನೂ ಜಾರಿದ ಅನ್ನೋ ಸುದ್ದಿಯನ್ನು ಬೇಸಿಗೆ ರಜೆಯ ಪೇಪರಿನಲ್ಲಿ ಓದದವರು ಯಾರಿದ್ದಾರೆ?

ಮತ್ತೆ ಬೋರ್ಡಿಗೆ ಬರೋಣ. ಮೊದಲಿನ ಸಾಲು, ಸ್ನಾನ. ಮನೆಯಲ್ಲಿ ಮಾಡಿಯೇ ಬಂದಿರತೇವಲ್ಲ, ಮತ್ತೆ ಯಾಕೆ? ಕೊಳದ ಹತ್ತಿರ ಮೂಗಿಗೆ ಬಡಿಯೋ ಆ 'ಕ್ಲೋರಿನ್ ವಾಸನೆ'ಗೆ ನಾವು ಸ್ವಚ್ಛ ನೀರು ಅಂತ ತಿಳೀತೇವೆ. ಅದು ತಿರುಗಾ ಮುರುಗಾ. ಬೆವರು, ಮೂತ್ರ, ಮೈಯ ಕೊಳೆ ಕ್ಲೋರಿನ್ ಜೊತೆ ಸೇರಿ ಕ್ಲೋರಮೈನ್ ಆಗತದೆ. ಕಣ್ಣು ಉರಿಸೋದೂ ಅದೇ, ನಾರೋದೂ ಅದೇ. ಹೆಚ್ಚು ವಾಸನೆ ಅಂದರೆ ಹೆಚ್ಚು ಹೊಲಸು. ಒಂದು ನಿಮಿಷ ಶವರಿನ ಕೆಳಗೆ ನಿಂತರೆ ಅದರ ಬಹುಪಾಲು ಹೊರಗೇ ಉಳೀತದೆ.

ಹೊಟ್ಟೆ ಕೆಟ್ಟವರ ನಿಯಮ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸೋದು. ಬಹಳಷ್ಟು ರೋಗಾಣುಗಳನ್ನು ಕ್ಲೋರಿನ್ ಕೆಲವೇ ನಿಮಿಷದಲ್ಲಿ ಕೊಲ್ಲತದೆ. ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ ಮಾತ್ರ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕಿರಬಲ್ಲದು. ಈ ನಿಯಮವನ್ನು ಯಾವ ಲೈಫ್‌ಗಾರ್ಡೂ ಪರೀಕ್ಷೆ ಮಾಡಲಾರ. ನಿನ್ನೆ ರಾತ್ರಿ ನಿಮ್ಮ ಹೊಟ್ಟೆ ಹೆಂಗಿತ್ತು ಅನ್ನೋದು ನಿಮಗೊಬ್ಬರಿಗೇ ಗೊತ್ತು. ದಂಡ, ಸೀಟಿ, ಕಾವಲು ಯಾವುದೂ ಇಲ್ಲಿ ನಡೆಯೋದಿಲ್ಲ. ಇಂಥ ಕಡೆ ಕಾರಣ ಹೇಳದಿದ್ದರೆ ನಿಯಮ ಹಾಕಿದ್ದೇ ಲೆಕ್ಕಕ್ಕಿಲ್ಲ.

ಉಸಿರು ಹಿಡಿಯೋ ಪಂದ್ಯಕ್ಕೆ ಬಲಿಯಾಗೋದು ಹೆಚ್ಚಾಗಿ ಚಲೋ ಈಸುವವರೇ. ನಮಗೆ ಉಸಿರು ಬೇಕು ಅನಿಸೋದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿದರೆ ಅದು ಖಾಲಿಯಾಗತದೆ, ಆಮ್ಲಜನಕ ಮಾತ್ರ ಅಂಥಾ ಹೆಚ್ಚೇನೂ ತುಂಬೋದಿಲ್ಲ. ಎಚ್ಚರಿಕೆಯ ಗಂಟೆ ಹೊಡೆಯೋ ಮೊದಲೇ ಮಿದುಳಿನ ದೀಪ ಆರತದೆ, ಏನೂ ಗೊತ್ತಾಗದೆ.

ಇಲ್ಲೊಂದು ತಕರಾರು ಬರತದೆ, ಅದು ಸಣ್ಣದಲ್ಲ. ಕಾರಣ ಹೇಳಿದರೆ ಮನುಷ್ಯ ತಪ್ಪಿಸಿಕೊಳ್ಳೋ ಸಂದಿ ಹುಡುಕತಾನೆ. "ಈಸು ಬರದವ್ರಿಗೆ ಅದು, ನಂಗ ಬರತೈತಿ ಬಿಡ್ರಿ." ಮಿಲ್ 1859ರ 'ಆನ್ ಲಿಬರ್ಟಿ'ಯಲ್ಲಿ ಕುಸಿಯೋ ಸೇತುವೆಯ ಉದಾಹರಣೆ ಕೊಡತಾನೆ. ಅಪಾಯ ತಿಳಿಯದೆ ಸೇತುವೆ ಹತ್ತುವವನನ್ನು ಹಿಡಿದು ನಿಲ್ಲಿಸಬಹುದು. ತಿಳಿದೂ ಹೋಗುವ ವಯಸ್ಕನಿಗೆ ಎಚ್ಚರಿಸಿ ಬಿಡಬೇಕು, ಅವನ ಜೀವ ಅವನದು. ನೀರಿನ ಮಟ್ಟಿಗೆ ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಮುಳುಗುವವನನ್ನು ನೋಡಿ ಸುಮ್ಮನೆ ನಿಲ್ಲೋಕೆ ಮನುಷ್ಯನಿಗೆ ಆಗೋದಿಲ್ಲ. ಹೊಂಡಕ್ಕೆ ಎರಡನೆಯವನು ಬೀಳೋದೇ ಅದಕ್ಕೆ. ನನ್ನ ಸಾಹಸದ ಬಿಲ್ಲು ದಡದಲ್ಲಿ ನಿಂತವನ ಹೆಸರಿಗೂ ಬರತದೆ.

ಹಂಗಂತ ಕಾರಣ ಮುಚ್ಚಿಡೋದೂ ಉಪಾಯ ಅಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ 'ಈ ಸಾಲು ಮುಟ್ಟಬೇಡಿ' ಅನ್ನೋ ಟಿಪ್ಪಣಿ ಆಗಾಗ ಸಿಗತದೆ. ಬರೆದವನು ಕಂಪನಿ ಬಿಟ್ಟು ಹೋಗಿರತಾನೆ. ಹೊಸಬರಲ್ಲಿ ಅರ್ಧ ಮಂದಿ ಹೆದರಿ ಅದನ್ನು ದೇವರ ಕಲ್ಲಿನಂತೆ ಪೂಜಿಸತಾರೆ, ಉಳಿದವರು ಒಂದು ದಿನ ಅಳಿಸಿ ಹಾಕತಾರೆ. ಯಾಕೆ ಮುಟ್ಟಬಾರದು ಅಂತ ಅರ್ಧ ಸಾಲು ಬರೆದಿದ್ದರೆ ಎರಡೂ ಆಗತಿದ್ದಿಲ್ಲ.

ಕಾರಣ ಕೇಳೋ ಹಕ್ಕಿಗೆ ನಾನು ಇಷ್ಟು ಗಂಟು ಬೀಳೋದಕ್ಕೆ ಇನ್ನೂ ಒಂದು ಸಂಗತಿ ಇದೆ. ನಮ್ಮ ದೇಶದಲ್ಲಿ ನೀರಿಗೆ ಹಾಕಿದ ಅತಿ ಕಟ್ಟುನಿಟ್ಟಿನ ನಿಯಮ ಮುಳುಗೋದಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಯಾರು ಯಾವ ಬಾವಿಯ ನೀರು ಮುಟ್ಟಬಾರದು ಅನ್ನೋದಾಗಿತ್ತು. ಅದನ್ನು ಮುರಿಯಲಿಕ್ಕೇ ಅಂಬೇಡ್ಕರ್ 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟೇ ಹೇಳಬೇಕಾಯಿತು. ಈಜುಕೊಳದ ಸ್ನಾನದ ನಿಯಮವೂ ಶುದ್ಧಿಯದೇ, ಆದರೆ ಅದು ಎಲ್ಲಾ ಮೈಗಳಿಗೂ ಒಂದೇ, ಕಾರಣ ಕೇಳಿದರೆ ನೀರಿನ ಪರೀಕ್ಷೆ ಮಾಡಿ ತೋರಿಸಬಹುದು. ಆ ಇನ್ನೊಂದು ಶುದ್ಧಿಗೆ ಹುಟ್ಟೇ ಆಧಾರ, ಕೇಳಿದವನಿಗೆ ಸಿಗತಿದ್ದದ್ದು ಏಟು. ಬಹಿರಂಗವಾಗಿ ಹೇಳಲಾಗದ ತತ್ವದ ಮೇಲೆ ನಿಂತ ನಡತೆ ಅನ್ಯಾಯದ್ದು ಅಂತ ಕಾಂಟ್ 1795ರಲ್ಲಿ ಬರೆದ. ಅಷ್ಟು ದೂರ ಹೋಗೋದೂ ಬೇಕಿಲ್ಲ. ಮುಂಜಿಯ ಜನಿವಾರ ಯಾಕೆ ಅಂತ ಕೇಳಿ ಮನೆ ಬಿಟ್ಟ ಹುಡುಗನ ಕಥೆ ನಮ್ಮ ಬಾಗೇವಾಡಿಯದೇ, ತಾಲೂಕಿಗೆ ಅವನ ಹೆಸರೇ ಇದೆ.

ಕಾರಣ ಹೇಳೋದರಲ್ಲಿ ದೊಡ್ಡವರಿಗೆ ಒಂದು ಕಷ್ಟ ಇದೆ. ದೆವ್ವದ ಕಥೆ ಹೇಳಿದರೆ ಹೇಳಿದವರಿಗೆ ಮುಂದೆ ಏನೂ ಕೆಲಸ ಬೀಳೋದಿಲ್ಲ, ಹೆದರೋ ಕೆಲಸ ಎಲ್ಲಾ ಹುಡುಗಂದು. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಣ್ಣನ ಮಗನಿಗೆ ಬಾಜೂ ಹೊಲದ ಹೊಂಡ ತೋರಿಸಿ ಪ್ಲಾಸ್ಟಿಕ್ ಹಾಳೆಯ ವಿಷಯ ಬಿಡಿಸಿ ಹೇಳಿದೆ. ಒಂದು ಕಲ್ಲಿಗೆ ಕೆಸರು ಮೆತ್ತಿ ಹಾಳೆಯ ಮ್ಯಾಲೆ ಇಟ್ಟೆ, ಅದು ಸರ್ರನೆ ಜಾರಿ ಬುಳುಕ್ ಅಂತ ಮುಳುಗಿತು. ಹುಡುಗ ಸ್ವಲ್ಪ ಹೊತ್ತು ನೋಡಿದ.

"ಹಂಗಾರ ಹಗ್ಗ ಯಾಕ ಕಟ್ಟಿಲ್ಲ ಕಾಕಾ?"

ಆ ಹೊಲದ ಮಾವನಿಗೆ ಈ ಪ್ರಶ್ನೆಯನ್ನು ಹುಡುಗನ ಬಾಯಿಂದಲೇ ಕೇಳಿಸಿದೆವು. ಅವರು ನಕ್ಕರು, "ಖರೇನ ಐತಲ್ಲೋ" ಅಂದರು. ಈಗ ಅಲ್ಲಿ ಬೇವಿನ ಗಿಡಕ್ಕೆ ಕಟ್ಟಿದ ಹಗ್ಗವೊಂದು ಹೊಂಡದ ತಳದವರೆಗೂ ಇಳಿದಿದೆ, ಮೊಳಕ್ಕೊಂದು ಗಂಟು.