ಹಳೆಯ ಬೆಂಜ್ ಬಂಡಿಯೂ ನಮ್ಮ ಮಾನವೂ



ನಮ್ಮ ಸಭೆಗೆ ಸೇರಿದ ಒಬ್ಬ ಯೌವನಸ್ಥನು ಒಂದು ಸಾಯಂಕಾಲ ನನ್ನ ಬಳಿಗೆ ಬಂದು, "ಉಪದೇಶಿಗಳೇ, ಪಟ್ಟಣದಲ್ಲಿ ಹತ್ತು ವರುಷ ಓಡಿದ ಒಂದು ಬೆಂಜ್ ಕಾರು ಮಾರಾಟಕ್ಕಿದೆ. ಹೊಸದಾಗಿದ್ದಾಗ ಅದರ ಬೆಲೆ 50 ಲಕ್ಷದ ಹತ್ತಿರ ಇತ್ತಂತೆ. ಈಗ 9 ಲಕ್ಷಕ್ಕೆ ಕೊಡುತ್ತಾರೆ. ಕೂಡಿಟ್ಟದ್ದು 6 ಲಕ್ಷ ಇದೆ. ಮಿಕ್ಕದ್ದನ್ನು ಸಾಲವಾಗಿ ತರಬಹುದು. ಕ್ರೈಸ್ತನು ಇಂಥಾದ್ದನ್ನು ಕೊಂಡರೆ ಪಾಪವೋ?" ಎಂದು ಕೇಳಿದನು.

ನಾನು ದೀನತ್ವದ ವಿಷಯವಾಗಿ ಎರಡು ಮಾತು ಹೇಳಬೇಕೆಂದಿರುವಷ್ಟರಲ್ಲಿ ಅವನು, "ನಮ್ಮ ಅಜ್ಜನು ಮೇಲಿನ ಬೀದಿಯನ್ನು ದಾಟುವಾಗ ಕೆರಗಳನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದನು. ಅದೇ ಬೀದಿಯಲ್ಲಿ ನನ್ನ ಅವ್ವನನ್ನು ಆ ಬಂಡಿಯಲ್ಲಿ ಕೂರಿಸಿಕೊಂಡು ಹೋಗಬೇಕೆಂಬದು ನನ್ನ ಆಶೆ. ದೀನತ್ವವನ್ನು ಯಾವಾಗಲೂ ನಮಗೇ ಯಾಕೆ ಬೋಧಿಸುತ್ತೀರಿ?" ಅಂದನು. ನಾನು ಸುಮ್ಮನಾದೆನು. ಯಾಕಂದರೆ ನಾನೂ ಅಂಥ ಅಜ್ಜನ ಮೊಮ್ಮಗನೇ.

ಆ ರಾತ್ರಿ ದೇವರ ವಾಕ್ಯವನ್ನು ಶೋಧಿಸಿ ನೋಡಿದೆನು. ರಥವನ್ನು ಏರುವದೇ ಪಾಪವೆಂದು ಅದರಲ್ಲಿ ಕಾಣಲಿಲ್ಲ. ಆದರೆ ಎರಡು ವಿಧವಾದ ರಥಗಳನ್ನು ಕಂಡೆನು. ಅಬ್ಷಾಲೋಮನು ರಥವನ್ನೂ ಕುದುರೆಗಳನ್ನೂ ಮುಂದೆ ಓಡುವದಕ್ಕೆ 50 ಮಂದಿ ಆಳುಗಳನ್ನೂ ಇಟ್ಟುಕೊಂಡನು. ಜನರ ಕಣ್ಣು ತನ್ನ ಮೇಲೆ ಬೀಳಬೇಕೆಂಬದೇ ಅವನ ಯೋಚನೆ. ಐಥಿಯೋಪ್ಯದ ಕಂಚುಕಿಯಾದರೋ, ಗಾಜದ ದಾರಿಯಲ್ಲಿ ಓದುತ್ತಾ ಹೋಗುವಾಗ, ಕಾಲ್ನಡೆಯಾಗಿ ಬಂದ ಫಿಲಿಪ್ಪನನ್ನು ಹತ್ತಿಸಿಕೊಂಡು ತನ್ನ ಬಳಿಯಲ್ಲಿ ಕೂರಿಸಿಕೊಂಡನು. ಆದಕಾರಣ ಬಂಡಿಯು ಎಷ್ಟು ದೊಡ್ಡದೆಂದು ಕೇಳುವದಕ್ಕಿಂತ, ಅದರಲ್ಲಿ ಯಾರಿಗೆ ಸ್ಥಳವಿರುವದೆಂದು ಕೇಳುವದು ಉತ್ತಮ.

ಇನ್ನು ಖರ್ಚಿನ ಮಾತು. ಬುರುಜನ್ನು ಕಟ್ಟಬೇಕೆಂದಿರುವವನು ಮೊದಲು ಕೂತು ಲೆಕ್ಕ ಮಾಡಬೇಕೆಂದು ಕರ್ತನು ಕಲಿಸಿದನು. ಬಂಡಿಯ ಬೆಲೆಯು ವರುಷ ವರುಷಕ್ಕೆ ಇಳಿಯುವದು. ಅದರ ಬಿಡಿಭಾಗಗಳ ಬೆಲೆಯಾದರೋ ಹಾಗೆ ಇಳಿಯದು. 9 ಲಕ್ಷಕ್ಕೆ ಕೊಂಡವನೂ ಗೇರ್‌ಬಾಕ್ಸು ಕೆಟ್ಟ ದಿನ 50 ಲಕ್ಷದ ಬಂಡಿಯ ಗೇರ್‌ಬಾಕ್ಸಿಗೆ ಹಣ ಸುರಿಯಬೇಕು. ಕೆಲವು ಮಾದರಿಗಳಲ್ಲಿ ಉಕ್ಕಿನ ಸ್ಪ್ರಿಂಗುಗಳಿಗೆ ಬದಲಾಗಿ ಗಾಳಿ ತುಂಬಿದ ರಬ್ಬರಿನ ಚೀಲಗಳಿವೆ. ಹೆಚ್ಚು ಓಡಿಸದೆ ಮನೆಯಲ್ಲಿ ನಿಲ್ಲಿಸಿದರೂ ಅವು ವಯಸ್ಸಿನಿಂದಲೇ ಬಿರಿಯುವವು. ಬಂಡಿಯ ಹೊಟ್ಟೆ ನೆಲಕ್ಕೆ ಸಮೀಪ. ನಮ್ಮೂರಿನ ದಾರಿ ಹೇಗಿದೆಯೆಂದು ನೀವು ಬಲ್ಲಿರಿ. ಅದರೊಳಗಣ ಕಂಪ್ಯೂಟರನ್ನು ಓದುವ ಯಂತ್ರವು ನಮ್ಮೂರ ಮೆಕ್ಯಾನಿಕನಲ್ಲಿ ಇಲ್ಲ. ಹಳೆಯ ಬಂಡಿಯ ಸಾಲಕ್ಕೆ ಬಡ್ಡಿಯು ಸಾಮಾನ್ಯವಾಗಿ ಹೊಸದರ ಸಾಲಕ್ಕಿಂತ ಹೆಚ್ಚು. ನೋಂದಣಿಯು 15 ವರುಷದ ವರೆಗೆ ಮಾತ್ರ; ಆ ಮೇಲೆ ಬಂಡಿಯನ್ನು ಪರೀಕ್ಷೆಗೆ ಒಪ್ಪಿಸಿ ಐದೈದು ವರುಷಕ್ಕೆ ನವೀಕರಿಸಬೇಕು. ಆನೆಯನ್ನು ಅಗ್ಗವಾಗಿ ಕೊಂಡವನಿಗೆ ಮೇವು ಅಗ್ಗವಾಗಿ ಸಿಕ್ಕದಷ್ಟೆ. ಅರ್ಧ ಕಟ್ಟಿದ ಬುರುಜಿನ ಯಜಮಾನನಿಗೆ ಸಿಕ್ಕಿದ್ದು ಪರಿಹಾಸ್ಯ. ಚಪ್ಪರದ ಕೆಳಗೆ ಓಡದೆ ನಿಂತ ಬಂಡಿಯನ್ನು ಕಂಡು ಮೇಲಿನ ಬೀದಿಯವರು ಏನನ್ನುವರು? ಮಾನಕ್ಕಾಗಿ ಕೊಂಡದ್ದೇ ಅವಮಾನಕ್ಕೆ ಕಾರಣವಾಗುವದು.

ಕೊಳ್ಳುವದರಲ್ಲಿ ಸತ್ಯವೂ ಬೇಕು. ಓಡಿದ ಕಿಲೋಮೀಟರುಗಳ ಅಂಕೆಯನ್ನು ಹಿಂದಕ್ಕೆ ತಿರುಗಿಸಿ ಮಾರುವವರಿದ್ದಾರೆ. ಇದು ಮೋಸದ ತಕ್ಕಡಿಯ ಇನ್ನೊಂದು ರೂಪವೇ. ಆದದರಿಂದ ಹಿಂದಿನ ರಿಪೇರಿಯ ಚೀಟಿಗಳನ್ನು ಕೇಳಿ ನೋಡಬೇಕು. ಬೇರೆ ರಾಜ್ಯದ ಬಂಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವೂ ಇಲ್ಲಿಯ ತೆರಿಗೆಯೂ ಆಗಬೇಕು. ಹೆಸರನ್ನು ಬದಲಾಯಿಸಿಕೊಳ್ಳದೆ ಹಳೆಯ ಯಜಮಾನನ ಹೆಸರಿನಲ್ಲಿಯೇ ಓಡಿಸುವದು ಸಲ್ಲದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ಕೊಟ್ಟಿತು. ನಮ್ಮ ಆಲಸ್ಯದ ಭಾರವನ್ನು ನೆರೆಯವನ ತಲೆಯ ಮೇಲೆ ಹೊರಿಸುವದು ಪ್ರೀತಿಯಲ್ಲ.

ಆದರೂ ಆ ಯೌವನಸ್ಥನ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲ. ಅವನು ಕೇಳಿದ್ದು ಮಾನವನ್ನು. ನಮ್ಮ ಹಿರಿಯರಿಗೆ ಅದು ಹೇಗೆ ದೊರಕಿತೆಂದು ನೆನಸೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ದೀಕ್ಷಾಸ್ನಾನ ಹೊಂದಿದ ಕಾರಣ ಕುಲಕಸುಬನ್ನೂ ನೆಲೆಯನ್ನೂ ಕಳಕೊಂಡ ಅನೇಕರಿಗೆ ಅಲ್ಲಿ ಕೆಲಸ ಸಿಕ್ಕಿತು. ಯಾರನ್ನು ಲೋಕವು ಅಂಗಳದಲ್ಲಿಯೇ ನಿಲ್ಲಿಸುತ್ತಿತ್ತೋ ಅವರ ಕೈ ಮಾಡಿದ ಹಂಚು ದೊಡ್ಡವರ ಮನೆಗಳ ಮಾಡನ್ನು ಏರಿತು. ಆ ಮಾನವನ್ನು ಅವರು ದುಡಿದು ಗಳಿಸಿದರು. ಅದಕ್ಕೆ ಬಡ್ಡಿ ಕಟ್ಟಬೇಕಾಗಿರಲಿಲ್ಲ.

ಇದನ್ನೆಲ್ಲಾ ಮರುದಿನ ನಾನು ಅವನಿಗೆ ತಿಳಿಸಿ, "ತಮ್ಮಾ, ಬೇಡವೆಂದು ಆಜ್ಞಾಪಿಸುವದಕ್ಕೆ ನಾನು ಯಾರು? ಯಾರಿಗಾಗಿ ಕೊಳ್ಳುತ್ತೀಯೋ ಆ ತಾಯಿಯನ್ನು ಒಂದು ಸಾರಿ ಕೇಳು" ಅಂದೆನು. ಅವನು ಹೋಗಿ ಕೇಳಿದನು. ಆಕೆ, "ಮಗನೇ, ನಾನು ಆ ಬೀದಿಯಲ್ಲಿ ಚಪ್ಪಲಿ ಮೆಟ್ಟಿಕೊಂಡು ನಡೆಯಲಿಕ್ಕೆ ಹತ್ತಿ ನಲವತ್ತು ವರುಷವಾಯಿತು. ಮೊದಲನೆಯ ದಿನ ಕಾಲು ನಡುಗಿತು. ಆ ಮೇಲೆ ಇಲ್ಲ. ಕಾರು ಕೊಳ್ಳುವದಾದರೆ ನನ್ನ ಮೊಣಕಾಲಿಗೆ ಹತ್ತಿ ಇಳಿಯಲು ಬರುವಂಥಾದ್ದನ್ನು ತಾ. ಆದಿತ್ಯವಾರ ಪಕ್ಕದ ಮನೆಯ ಮುದುಕಿಯನ್ನೂ ದೇವಾಲಯಕ್ಕೆ ಕರಕೊಂಡು ಬರಬಹುದು" ಎಂದು ಹೇಳಿದಳಂತೆ.

ಅವನು ಇನ್ನೂ ಯಾವ ಬಂಡಿಯನ್ನೂ ಕೊಂಡಿಲ್ಲ. ಲೆಕ್ಕ ಬರೆಯುತ್ತಾ ಇದ್ದಾನೆ. ಪ್ರಿಯರೇ, ನಮ್ಮಲ್ಲಿ ಯಾರಾದರೂ ದೊಡ್ಡ ವಸ್ತುವನ್ನು ಕೊಳ್ಳುವ ಮುಂಚೆ, ಇದನ್ನು ಸಾಕುವ ಶಕ್ತಿ ನನಗಿದೆಯೋ, ಇದರಲ್ಲಿ ನನ್ನ ನೆರೆಯವನಿಗೆ ಸ್ಥಳವಿದೆಯೋ, ಇದಿಲ್ಲದಿದ್ದರೆ ಕರ್ತನ ಮುಂದೆ ನನ್ನ ಮಾನವು ಕಡಿಮೆಯಾಗುವದೋ ಎಂದು ಮೊಣಕಾಲೂರಿ ತನ್ನನ್ನು ಕೇಳಿಕೊಳ್ಳಲಿ. ಸತ್ಯವಾಗಿ ಉತ್ತರ ಕೊಡುವ ಮನಸ್ಸನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.